ಸತ್ತ ರಿವಾಲ್ವರಿನ ಬದುಕಿರುವ ಭಾಗಗಳು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಮಾತು ಹಳೆಯ ರಿವಾಲ್ವರುಗಳಿಗೂ ಸಲ್ಲುತ್ತದೆ. ಅಮೆರಿಕದಲ್ಲಿ ಕತ್ತರಿಸಿ ಗುಜರಿಗೆ ಹಾಕಿದ ರಿವಾಲ್ವರಿನಿಂದ ಬಿಚ್ಚಿಟ್ಟ ಟ್ರಿಗರ್, ಹ್ಯಾಮರ್, ಸಿಲಿಂಡರ್, ಸ್ಪ್ರಿಂಗು, ಹಿಡಿಯ ಮರದ ಪಟ್ಟಿ ಎಲ್ಲಕ್ಕೂ ಗಿರಾಕಿಗಳಿದ್ದಾರೆ. ಇವರಲ್ಲಿ ಹಳೆಯ ಆಯುಧಗಳ ಸಂಗ್ರಾಹಕರೂ ಇದ್ದಾರೆ, ರಿಪೇರಿ ಮಾಡುವವರೂ ಇದ್ದಾರೆ. ನಾಶವಾದದ್ದು ಮತ್ತೆ ಮಾರುಕಟ್ಟೆಗೆ ಬರುವುದು ಹೇಗೆ? ಬರುವುದು ಸರಿಯೇ?

ಬೇಡಿಕೆಗೆ ಕಾರಣ ಸರಳವಾಗಿದೆ. ಬ್ರಿಟಿಷ್ ಸೇನೆ 1915ರಲ್ಲಿ ಬಳಕೆಗೆ ತಂದ ವೆಬ್ಲಿ ಮಾರ್ಕ್ 6ರಂಥ ರಿವಾಲ್ವರುಗಳ ತಯಾರಿಕೆ ನಿಂತು ದಶಕಗಳೇ ಕಳೆದಿವೆ. ಒಂದು ಸ್ಪ್ರಿಂಗು ಮುರಿದರೆ ಕಾರ್ಖಾನೆಗೆ ಬರೆದು ತರಿಸುವಂತಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕಕ್ಕೆ ಹೋದ ಅನೇಕ ವೆಬ್ಲಿಗಳ ಸಿಲಿಂಡರಿನ ಹಿಂಬದಿಯನ್ನು, ಅಲ್ಲಿ ಸುಲಭವಾಗಿ ಸಿಗುತ್ತಿದ್ದ .45 ತೋಟಾ ಕೂರುವಂತೆ ತೆಳ್ಳಗೆ ಕೆತ್ತಲಾಯಿತು. ಆ ತೋಟಾದ ಒತ್ತಡವೋ ಮೂಲ .455 ತೋಟಾದ್ದಕ್ಕಿಂತ ಹೆಚ್ಚು. ಆದ್ದರಿಂದಲೇ ಕೆತ್ತದೆ ಉಳಿದ ಮೂಲ ಸಿಲಿಂಡರಿಗೆ ಈಗ ಬೆಲೆ.

ಆದರೆ ಬಿಡಿಭಾಗ ಸಿಕ್ಕಿದೊಡನೆ ಕೆಲಸ ಮುಗಿಯುವುದಿಲ್ಲ. ಸ್ಯಾಮ್ಯುಯೆಲ್ ಕೋಲ್ಟ್ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಯಂತ್ರದಿಂದ ತಯಾರಾದ ರಿವಾಲ್ವರುಗಳನ್ನು ಮುಂದಿಟ್ಟು ಬೆರಗು ಮೂಡಿಸಿದ. ಒಂದರ ಭಾಗ ಇನ್ನೊಂದಕ್ಕೆ ಹೊಂದಬೇಕೆಂಬುದು ಆ ಕಾಲದ ಆದರ್ಶ. ಕಾರ್ಯತಃ ಕಡೆಯ ಹೊಂದಾಣಿಕೆಯನ್ನು ಕುಶಲಕರ್ಮಿ ಅರ ಹಿಡಿದು ಕೈಯಿಂದಲೇ ಮಾಡುತ್ತಿದ್ದ.

ಈ ಹೊಂದಾಣಿಕೆಗೆ ಏಕಿಷ್ಟು ಮಹತ್ವ? ಹ್ಯಾಮರ್ ಹಿಂದೆ ಸರಿಯುವಾಗ ಒಳಗಿನ ಒಂದು ಪುಟ್ಟ ಕೊಕ್ಕೆ ಸಿಲಿಂಡರಿನ ಹಲ್ಲನ್ನು ತಳ್ಳಿ ಅದನ್ನು ತಿರುಗಿಸುತ್ತದೆ. ತೋಟಾ ಇರುವ ಗೂಡು ನಳಿಕೆಯ ನೇರಕ್ಕೆ ಬಂದ ಗಳಿಗೆಯಲ್ಲೇ ಇನ್ನೊಂದು ತುಂಡು ಸಿಲಿಂಡರಿನ ಕಚ್ಚಿನಲ್ಲಿ ಕುಳಿತು ಅದನ್ನು ಹಿಡಿದು ನಿಲ್ಲಿಸಬೇಕು. ಇವೆರಡರಲ್ಲಿ ಒಂದು ಕೊಂಚ ಸವೆದಿದ್ದರೂ ಗೂಡಿಗೂ ನಳಿಕೆಗೂ ನೇರ ತಪ್ಪುತ್ತದೆ. ಆಗ ಗುಂಡು ನಳಿಕೆಯ ಅಂಚಿಗೆ ತಾಗಿ ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಬೇರೆ ರಿವಾಲ್ವರಿನಲ್ಲಿ ನೂರು ವರ್ಷ ಸವೆದ ಭಾಗವನ್ನು ಹಾಗೆಯೇ ಕೂರಿಸುವುದು ಅಪಾಯ.

ಸಂಗ್ರಾಹಕರಿಗೆ ಇನ್ನೊಂದು ತೊಡಕಿದೆ. ಸ್ಮಿತ್ ಅಂಡ್ ವೆಸನ್ ಕಂಪನಿಯ ಹಳೆಯ ರಿವಾಲ್ವರುಗಳಲ್ಲಿ ಚೌಕಟ್ಟು, ಸಿಲಿಂಡರ್, ನಳಿಕೆಗಳ ಮೇಲೆ ಒಂದೇ ಕ್ರಮಸಂಖ್ಯೆ ಒತ್ತಿರುತ್ತದೆ. ಸಂಖ್ಯೆ ತಾಳೆಯಾದರೆ ಬೆಲೆ ಹೆಚ್ಚು. ಬೇರೆಯದರ ಭಾಗ ಸೇರಿದರೆ ಬೆಲೆ ಇಳಿಯುತ್ತದೆ. ಬದಲಿಸಿದ್ದನ್ನು ಮುಚ್ಚಿಟ್ಟು ಮಾರಿದರೆ ಅದು ವಂಚನೆ.

ಈ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟದ್ದು ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆ. ಅದರ ಪ್ರಕಾರ ರಿವಾಲ್ವರಿನ ಚೌಕಟ್ಟೇ 'ಬಂದೂಕು'. 1898 ಅಥವಾ ಅದಕ್ಕೂ ಮೊದಲು ತಯಾರಾದವು ಪುರಾತನ ವಸ್ತುಗಳೆಂದು ಆ ಕಾಯಿದೆಯ ನಿರ್ಬಂಧದಿಂದ ಹೊರಗೇ ಉಳಿದಿವೆ. ಚೌಕಟ್ಟನ್ನು ಮತ್ತೆ ಜೋಡಿಸಲಾಗದಂತೆ ಹಾಳುಮಾಡಿದರೆ ಕಾನೂನಿನ ಕಣ್ಣಿಗೆ ಆಯುಧ ಸತ್ತಂತೆ. ಉಳಿದದ್ದು ಬರೀ ಲೋಹದ ತುಂಡು.

ವಿವಾದ ಎದ್ದದ್ದೂ ಇಲ್ಲಿಯೇ. ಪೊಲೀಸರಿಗೆ ನಾಶಕ್ಕೆಂದು ಒಪ್ಪಿಸಿದ ಬಂದೂಕುಗಳಲ್ಲಿ ಕಾನೂನು ಹೇಳುವ ಆ ಒಂದು ಭಾಗವನ್ನಷ್ಟೇ ಪುಡಿಮಾಡಿ, ಮಿಕ್ಕದ್ದನ್ನು ಖಾಸಗಿ ಸಂಸ್ಥೆಗಳು ಮಾರುತ್ತಿವೆ ಎಂದು ನ್ಯೂಯಾರ್ಕ್ ಟೈಮ್ಸ್ 2023ರ ಡಿಸೆಂಬರಿನಲ್ಲಿ ವರದಿ ಮಾಡಿತು. ಬಂದೂಕು ಇಲ್ಲವಾಗಲೆಂದು ತಂದುಕೊಟ್ಟವರಿಗೆ ಇದು ವಿಶ್ವಾಸದ್ರೋಹವಾಗಿ ಕಂಡಿತು. ಹೊಸ ಪಿಸ್ತೂಲುಗಳ ವಿಷಯದಲ್ಲಿ ಅವರ ಮಾತಿಗೆ ತೂಕವಿದೆ. ಹೊಸ ಚೌಕಟ್ಟು ಕೊಂಡರೆ ಆ ಭಾಗಗಳಿಂದ ಮತ್ತೊಂದು ಆಯುಧ ಸಿದ್ಧ. ನೂರು ವರ್ಷದ ರಿವಾಲ್ವರಿಗೆ ಹೊಸ ಚೌಕಟ್ಟು ಅಂಗಡಿಯಲ್ಲಿ ಸಿಗದು. ಅದರ ಭಾಗಗಳು ಬಹುತೇಕ ಇರುವ ಇನ್ನೊಂದು ಹಳೆಯದನ್ನು ಉಳಿಸುವುದಕ್ಕೇ ಸಲ್ಲುತ್ತವೆ.

ಬ್ರಿಟನ್ ಹಿಡಿದದ್ದು ಬೇರೆ ದಾರಿ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 1996ರ ಮಾರ್ಚ್ 13ರಂದು 16 ಮಕ್ಕಳೂ ಒಬ್ಬ ಶಿಕ್ಷಕಿಯೂ ಗುಂಡಿಗೆ ಬಲಿಯಾದರು. 1997ರ ಎರಡು ಕಾಯಿದೆಗಳು ಖಾಸಗಿ ಕೈಬಂದೂಕುಗಳನ್ನು ಬಹುಮಟ್ಟಿಗೆ ನಿಷೇಧಿಸಿದವು. ಸುಮಾರು 1,62,000 ಕೈಬಂದೂಕುಗಳು ಸರ್ಕಾರಕ್ಕೆ ಬಂದವು. ಚಾರಿತ್ರಿಕ ಮಹತ್ವದ ಕೆಲವಕ್ಕೆ ಮಾತ್ರ ವಿನಾಯಿತಿ ಉಂಟು. ಅಲ್ಲಿ ನಳಿಕೆ, ಸಿಲಿಂಡರುಗಳಿಗೂ ನಿಯಂತ್ರಣವಿದೆ.

ನಮ್ಮ 1959ರ ಆಯುಧ ಕಾಯಿದೆಯೂ ಬಿಡಿಭಾಗಗಳನ್ನು 'ಆಯುಧ'ದ ವ್ಯಾಖ್ಯೆಯೊಳಗೇ ಸೇರಿಸಿದೆ. ಆದರೆ ಅದರ 45ನೇ ಸೆಕ್ಷನ್ ಒಂದು ಸೂಕ್ಷ್ಮವನ್ನು ಗುರುತಿಸುತ್ತದೆ. ತನ್ನ ಬಳಿಯಾಗಲಿ ಇನ್ನೊಬ್ಬರ ಬಳಿಯಾಗಲಿ ಇರುವ ಪೂರಕ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಚಿಕ್ಕಪುಟ್ಟ ಭಾಗಗಳಿಗೆ ಕಾಯಿದೆ ಅನ್ವಯಿಸುವುದಿಲ್ಲ. ಅಂದರೆ ಮುರಿದ ರಿವಾಲ್ವರಿನ ಟ್ರಿಗರ್ ಗಾಜಿನ ಪೆಟ್ಟಿಗೆಯಲ್ಲಿ ನೆನಪಾಗಿ ಉಳಿಯಬಹುದು. ಇನ್ನೊಂದು ರಿವಾಲ್ವರಿಗೆ ಜೋಡಿಸಲೆಂದು ಇಟ್ಟರೆ ಅದೇ ತುಂಡು ಆಯುಧ. ಅಮೆರಿಕದ ಕಾನೂನು ಕೇಳುವುದು ಯಾವ ಭಾಗ ಎಂದು. ನಮ್ಮದು ಯಾತಕ್ಕಾಗಿ ಎಂದೂ ಕೇಳುತ್ತದೆ.