ಶ್ರೀರಂಗಪಟ್ಟಣಕ್ಕೆ ದೋಣಿಯಲ್ಲಿ ಹೋಗಬಹುದೇ?

ಪ್ರಶ್ನೆ: ಶ್ರೀರಂಗಪಟ್ಟಣ ದ್ವೀಪವಲ್ಲವೇ? ಬಸ್ಸು, ರೈಲು ಸರಿ, ದೋಣಿಯಲ್ಲೂ ತಲುಪಬಹುದೇ?

ಉತ್ತರ: ದೋಣಿ ನಂಬಿ ಹೊರಡಬೇಡಿ. ಇಲ್ಲಿ ಕಾವೇರಿಯ ತುಂಬ ಬಂಡೆಗಳು. ಸಂಗಮದ ಹರಿಗೋಲು, ರಂಗನತಿಟ್ಟಿನ ದೋಣಿ ವಿಹಾರಕ್ಕಷ್ಟೇ. ರೈಲೇ ಸೊಗಸು: ಬೆಂಗಳೂರು–ಮೈಸೂರು ಹಳಿ ಕೋಟೆಯೊಳಗೇ ಹಾದುಹೋಗುತ್ತದೆ. ಜೋಡಿ ಹಳಿಗೆ ಅಡ್ಡಬಂದ ಟಿಪ್ಪುವಿನ ಶಸ್ತ್ರಾಗಾರವನ್ನು 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು! ಎಲ್ಲ ರೈಲೂ ನಿಲ್ಲುವುದಿಲ್ಲ, ವಿಚಾರಿಸಿಕೊಳ್ಳಿ. ರಸ್ತೆಯಲ್ಲಾದರೆ ಮೈಸೂರಿನಿಂದ ಸುಮಾರು 15 ಕಿ.ಮೀ. ಬೆಂಗಳೂರಿನಿಂದ ಬರುವ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಮೈಮರೆತರೆ ನೇರ ಮೈಸೂರೇ. ಊರೊಳಗೆ ಬಂದವರು ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಿ. ಇಲ್ಲಿಂದ ಬೇರೆಡೆ ಹೋಗುವವರಿಗೆ ಪಾಂಡವಪುರಕ್ಕೂ ರೈಲುಂಟು. ನಾಗಮಂಗಲ ಪಟ್ಟಣಕ್ಕೆ ಬಸ್ಸೇ ಗತಿ.