ಫಲೂದಾದ ಜೆಲ್ಲಿ ಯಾರ ಹೊಟ್ಟೆಯಲ್ಲಿ ಕರಗುತ್ತದೆ?

ಹೈದರಾಬಾದಿನ ಬೇಗಂ ಬಜಾರಿನಲ್ಲಿ ಬಿಳಿ ಎಳೆಗಳಂತೆ ಮಾರುವ ಚೈನಾ ಗ್ರಾಸ್ ಕೆಂಪು ಕಡಲಕಳೆಯಿಂದ ತೆಗೆದ ಅಗರ್. ಸಮುದ್ರದಿಂದ ಇಷ್ಟು ದೂರವಿರುವ ಊರಿನಲ್ಲೂ ಜನ ಅದನ್ನು ಫಲೂದಾದಲ್ಲಿ, ಪುಡ್ಡಿಂಗಿನಲ್ಲಿ ತಿನ್ನುತ್ತಾರೆ. ಅದೇ ಊರಿನ ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅದಕ್ಕೆ ಹತ್ತಿರದಲ್ಲೇ ಇರುವ ಕೋಶ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದಂಥ (ಸಿಸಿಎಂಬಿ) ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗೂ ಬೇಕಾದದ್ದು ಇದೇ ಅಗರ್.

ತಟ್ಟೆಗೆ ಅಗರನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಮೊದಲು ಬಳಸುತ್ತಿದ್ದ ಜೆಲಟಿನ್ ಬಿಸಿಲಿಗೆ ನೀರಾಗುತ್ತಿತ್ತು, ಬ್ಯಾಕ್ಟೀರಿಯಾಗಳೂ ಅದನ್ನು ತಿಂದು ಕರಗಿಸುತ್ತಿದ್ದವು. 1881ರಲ್ಲಿ ಫ್ಯಾನಿ ಹೆಸ್ಸೆ ಎಂಬಾಕೆ ತಮ್ಮ ಅಡುಗೆಮನೆಯ ಅಗರನ್ನು, ಬ್ಯಾಕ್ಟೀರಿಯಾ ಬೆಳೆಸುತ್ತಿದ್ದ ಗಂಡನಿಗೆ ಸೂಚಿಸಿದರು. ಸುಮಾರು 85 ಡಿಗ್ರಿಗೆ ಕರಗುವ ಆ ಜೆಲ್ಲಿಯನ್ನು ಬಹುಪಾಲು ಬ್ಯಾಕ್ಟೀರಿಯಾ ಮುಟ್ಟುವುದಿಲ್ಲ. ಸೂಕ್ಷ್ಮಜೀವಿ ವಿಜ್ಞಾನ ಇಂದಿಗೂ ಇದನ್ನೇ ನೆಚ್ಚಿಕೊಂಡಿದೆ.

ನಮ್ಮ ದೇಹಕ್ಕೂ ಅದನ್ನು ಒಡೆಯಲು ಬಾರದು. ಅಕ್ಕಿಯ ಪಿಷ್ಟಕ್ಕೆ, ಹಾಲಿನ ಸಕ್ಕರೆಗೆ ನಮ್ಮವೇ ಕಿಣ್ವಗಳಿವೆ. ಉಳಿದ ನಾರು, ಅಂಟುಗಳ ಕೆಲಸ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳದು. ಕಿಣ್ವವೆಂದರೆ ಅಡಕತ್ತರಿಯಂತೆ, ಒಂದು ಕೆಲಸಕ್ಕೆಂದೇ ಮಾಡಿದ್ದು. ಪಿಷ್ಟ ಕತ್ತರಿಸುವ ಕಿಣ್ವಕ್ಕೆ ಕಡಲಕಳೆಯ ಗಂಧಕ ಬೆರೆತ ಸಕ್ಕರೆಯ ಸರಪಳಿ ಸಿಗುವುದಿಲ್ಲ.

2010ರಲ್ಲಿ ಫ್ರಾನ್ಸಿನ ರೋಸ್ಕಾಫ್ ಸಮುದ್ರ ಕೇಂದ್ರದ ಯಾನ್-ಹೆಂಡ್ರಿಕ್ ಹೆಹೆಮಾನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಜೊಬೆಲಿಯಾ ಎಂಬ ಕಡಲ ಬ್ಯಾಕ್ಟೀರಿಯಾದಲ್ಲಿ, ಸುಶಿಗೆ ಸುತ್ತುವ ನೋರಿಯೊಳಗಿನ ಪೋರ್ಫಿರಾನ್ ಎಂಬ ಸಕ್ಕರೆಯನ್ನು ಕತ್ತರಿಸುವ ಕಿಣ್ವ ಅವರಿಗೆ ಸಿಕ್ಕಿತು. ಅದರ ಜೀನ್ ಇನ್ನೆಲ್ಲಿದೆಯೆಂದು ಹುಡುಕಿದಾಗ ಸಿಕ್ಕಿದ್ದು ಜಪಾನೀಯರ ಕರುಳಿನ ಬ್ಯಾಕ್ಟೀರಾಯ್ಡಿಸ್ ಪ್ಲೆಬಿಯಸ್‌ನಲ್ಲಿ! ಪರಿಶೀಲಿಸಿದ 13 ಜಪಾನೀಯರಲ್ಲಿ ಐವರಲ್ಲಿ ಇಂಥ ಜೀನ್ ಇತ್ತು, ಉತ್ತರ ಅಮೆರಿಕದ 18 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಬೇಯಿಸದ ನೋರಿಗೆ ಅಂಟಿ ಹೊಟ್ಟೆ ಸೇರಿದ ಕಡಲ ಬ್ಯಾಕ್ಟೀರಿಯಾದಿಂದ ಕರುಳಿನ ನಿವಾಸಿಗಳು ಈ ಜೀನ್ ಪಡೆದವು ಎಂಬುದು ಅವರ ತರ್ಕ. ಇನ್ನೂ ತಾಯಿಹಾಲು ಬಿಡದ ಮಗು, ಅದರ ತಾಯಿ, ಇಬ್ಬರಲ್ಲೂ ಅದು ಕಂಡಿತ್ತು. ಅಂದರೆ ಈ ಸಾಮರ್ಥ್ಯ ಮನೆಯೊಳಗೇ ತಾಯಿಯಿಂದ ಮಗುವಿಗೆ ದಾಟಿರಬಹುದು.

ಊಟ ಹೊಟ್ಟೆಯೊಳಗಿನ ಜೀವಿಗಳ ಜೀನನ್ನೂ ಬದಲಿಸಬಲ್ಲದು ಎಂಬುದನ್ನು ಕಡಲಕಳೆಯನ್ನು ಮುಂದಿನ ಆಹಾರವೆಂದು ಹೊಗಳುವವರು ಗಮನಿಸಬೇಕು. ಅದರ ಖನಿಜಾಂಶ ಎಷ್ಟೆಂದು ಅಳೆದರೆ ಸಾಲದು. ತಮಿಳುನಾಡಿನ ರಾಮನಾಥಪುರದ ಕರಾವಳಿಯ ಹೆಂಗಸರು ಮುಳುಗು ಹಾಕಿ ಕೆಂಪು ಕಡಲಕಳೆ ಕಿತ್ತು ಅಗರ್ ಕಾರ್ಖಾನೆಗೆ ಮಾರುತ್ತಾರೆ. ಅವರ ಕರುಳು, ಫಲೂದಾ ತಿನ್ನುವ ಹೈದರಾಬಾದಿಗರ ಕರುಳು, ಎರಡರ ಮಾದರಿಯನ್ನೂ ತಂದು ಕಡಲಕಳೆಯ ಸಕ್ಕರೆ ಕತ್ತರಿಸುವ ಇಂಥ ಕಿಣ್ವಗಳನ್ನು ಹುಡುಕಬೇಕು. ಅದಕ್ಕೆ ತಾರ್ನಾಕಾದ ಪೋಷಣಾ ಸಂಸ್ಥೆಗಿಂತ ತಕ್ಕ ಜಾಗ ದೇಶದಲ್ಲಿ ನನಗೆ ಕಾಣದು.