ಚೀನಾದ ರೇಷ್ಮೆ ಕಲೆಯ ಅಧ್ಯಯನಕ್ಕೆ ಸಾಂಸ್ಕೃತಿಕ ವಿನಿಮಯ: ದೊಡ್ಡಬಳ್ಳಾಪುರದ ನೇಕಾರರಿಗೆ ಹಾಗೂ ವಿನ್ಯಾಸಕಾರರಿಗೆ ಮಾಹಿತಿ

ಭಾರತ ಮತ್ತು ಚೀನಾ ದೇಶಗಳ ನಡುವೆ ಸಾಂಸ್ಕೃತಿಕ ಸಹಕಾರ ಒಪ್ಪಂದವು 1988ರಲ್ಲಿ ಏರ್ಪಟ್ಟಿತು. ಕಲಾವಿದರ ಪರಸ್ಪರ ಭೇಟಿಗೆ ಇದೇ ಆಧಾರ. ಮುಂದೆ 2013ರಲ್ಲಿ ಬೆಂಗಳೂರು ಮತ್ತು ಚೆಂಗ್ಡು ನಗರಗಳ ನಡುವೆ, 2015ರಲ್ಲಿ ಕರ್ನಾಟಕ ರಾಜ್ಯ ಮತ್ತು ಸಿಚುವಾನ್ ಪ್ರಾಂತ್ಯದ ನಡುವೆ ಸೋದರಿ ಸಂಬಂಧದ ಒಡಂಬಡಿಕೆಗಳಾದವು. ಒಡಂಬಡಿಕೆ ಇದೆಯೆಂದ ಮಾತ್ರಕ್ಕೆ ಆಯ್ಕೆಯಾಗಲಿ, ಪ್ರಯಾಣವೆಚ್ಚವಾಗಲಿ ತಾನಾಗಿ ದೊರೆಯುವುದಿಲ್ಲ ಎಂಬುದನ್ನು ಅರ್ಜಿದಾರರು ಮೊದಲೇ ಅರಿತಿರತಕ್ಕದ್ದು. ಹಣ ಪಡೆದು ಆಯ್ಕೆಯ ಭರವಸೆ ನೀಡುವ ಮಧ್ಯವರ್ತಿಗಳನ್ನು ನಂಬಬಾರದು.

ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ದೊಡ್ಡಬಳ್ಳಾಪುರಕ್ಕೆ ಚೆಂಗ್ಡು ನಗರವು ಸಹಜವಾದ ಜೊತೆ. ಅಲ್ಲಿನ 'ಶೂ' ಜರತಾರಿ ಬಗೆಯ ಚಿತ್ತಾರದ ರೇಷ್ಮೆ ಬಟ್ಟೆಯು ಎರಡು ಸಾವಿರ ವರ್ಷಗಳಿಗೂ ಹಿಂದಿನದು. 2012-13ರಲ್ಲಿ ಚೆಂಗ್ಡುವಿನ ಲಾವೊಗುವಾನ್‌ಶಾನ್ ಎಂಬಲ್ಲಿ ಹಾನ್ ಕಾಲದ ಸಮಾಧಿಯೊಂದರಲ್ಲಿ ಚಿತ್ತಾರ ನೇಯುವ ಮಗ್ಗಗಳ ನಾಲ್ಕು ಮರದ ಮಾದರಿಗಳು ದೊರೆತವು. ಆ ಕಾಲದ ಬಟ್ಟೆಯಲ್ಲಿ ಚಿತ್ತಾರವು ಹಾಸಿನ ಬಣ್ಣದ ಎಳೆಗಳಿಂದ ಮೂಡುತ್ತಿತ್ತು. ನಮ್ಮ ಸೀರೆಯ ಸೆರಗಿನಲ್ಲಿ ಜರಿಯ ಚಿತ್ತಾರ ಮೂಡುವುದು ಸಾಮಾನ್ಯವಾಗಿ ಹೊಕ್ಕಿನಿಂದ. ಜಕಾರ್ಡ್ ಮಗ್ಗದ ಕಾರ್ಡು ಕೊರೆಯುವ ವಿನ್ಯಾಸಕಾರರಿಗೆ ಕಲಿಯಲು ಇದೊಂದೇ ವ್ಯತ್ಯಾಸ ಸಾಕಷ್ಟಾಯಿತು. ಚೀನಾದ ರೇಷ್ಮೆ ಕೃಷಿ ಮತ್ತು ನೇಯ್ಗೆಯ ಕೌಶಲ್ಯವನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾರತದ ಕಡೆಯಿಂದ ಕಲಾವಿದರನ್ನು ಹೊರದೇಶಗಳಿಗೆ ಕಳುಹಿಸುವ ಪ್ರಮುಖ ಸಂಸ್ಥೆಯು 1950ರಲ್ಲಿ ಸ್ಥಾಪಿತವಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು.

ವೀಸಾ ವರ್ಗದ ಬಗ್ಗೆ ಎಚ್ಚರ ಅಗತ್ಯ. ವಾಣಿಜ್ಯೇತರ ವಿನಿಮಯ ಭೇಟಿಗೆ 'ಎಫ್', 180 ದಿನಗಳವರೆಗಿನ ವ್ಯಾಸಂಗಕ್ಕೆ 'ಎಕ್ಸ್-2', ವ್ಯಾಪಾರಕ್ಕೆ 'ಎಂ' ವರ್ಗ ಅನ್ವಯಿಸುತ್ತದೆ. ವಿನಿಮಯದ ವೀಸಾದಲ್ಲಿ ತೆರಳಿ ನೂಲಿನ ಖರೀದಿ ಅಥವಾ ಸೀರೆಯ ಮಾರಾಟದ ಮಾತುಕತೆಗೆ ತೊಡಗಬಾರದು. ಆಹ್ವಾನಿಸುವ ಚೀನೀ ಸಂಸ್ಥೆಯ ಪತ್ರ ಹಾಗೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಆದರೆ ಹಲವರು ಮರೆಯುವುದು, ಸ್ವಂತ ವಿನ್ಯಾಸದ ರಕ್ಷಣೆ. ವಿನ್ಯಾಸಗಳ ಅಧಿನಿಯಮ, 2000ರ ಪ್ರಕಾರ ಅರ್ಜಿ ಸಲ್ಲಿಸುವ ಮುನ್ನವೇ ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ ಬಹಿರಂಗಗೊಂಡ ವಿನ್ಯಾಸವನ್ನು ಸಾಮಾನ್ಯವಾಗಿ ನೋಂದಾಯಿಸಲು ಬರುವುದಿಲ್ಲ. ಅಂದರೆ ಹೊಸ ಸೆರಗಿನ ನಮೂನೆಯನ್ನು ಚೆಂಗ್ಡುವಿನ ಪ್ರದರ್ಶನದಲ್ಲಿ ತೂಗುಹಾಕಿ, ಊರಿಗೆ ಮರಳಿ ನೋಂದಣಿಗೆ ಹೋದರೆ ಹಕ್ಕು ಕೈತಪ್ಪಿರುತ್ತದೆ. ನೋಂದಣಿಯು ಮೊದಲು 10 ವರ್ಷ, ಬಳಿಕ ವಿಸ್ತರಿಸಿದಲ್ಲಿ ಇನ್ನೂ 5 ವರ್ಷ ಊರ್ಜಿತವಿರುತ್ತದೆ. ಅದು ಭಾರತಕ್ಕೆ ಮಾತ್ರ ಸೀಮಿತ. ಚೀನಾದಲ್ಲಿ ರಕ್ಷಣೆ ಬೇಕಿದ್ದಲ್ಲಿ ಭಾರತದಲ್ಲಿ ಅರ್ಜಿ ಸಲ್ಲಿಸಿದ ಆರು ತಿಂಗಳೊಳಗೆ ಅಲ್ಲಿಯೂ ಅರ್ಜಿ ಸಲ್ಲಿಸಿದರೆ ಮೊದಲ ಅರ್ಜಿಯ ದಿನಾಂಕದ ಆದ್ಯತೆಯನ್ನು ಕೋರಬಹುದು. ತಲೆಮಾರುಗಳಿಂದ ಬಂದ ಅಂಚಿನ ನಮೂನೆಗಳು ಹೊಸತಲ್ಲವಾದ್ದರಿಂದ ಇದರಡಿ ನೋಂದಣಿಗೆ ಬರುವುದಿಲ್ಲ.

ಆದುದರಿಂದ ನಮೂನೆಗಳ ಛಾಯಾಚಿತ್ರಗಳನ್ನು ಆಹ್ವಾನಿಸುವ ಸಂಸ್ಥೆಗೆ ಕಳುಹಿಸುವ ಮೊದಲೇ ವಿನ್ಯಾಸದ ಅರ್ಜಿಯನ್ನು ಸಲ್ಲಿಸಿ, ಅದರ ಸ್ವೀಕೃತಿಯ ಪ್ರತಿಯನ್ನು ಪ್ರಯಾಣದ ದಾಖಲೆಗಳೊಂದಿಗೆ ಇಟ್ಟುಕೊಳ್ಳತಕ್ಕದ್ದು.